ಐದನೇ ತಂತಿಯ ಸರಾಸರಿ

ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಒಂದಿದ್ದರೆ, ಅವನ ಕೆಲಸ ಇಡುವ ಹೆಸರು ಇನ್ನೊಂದು. ನಮ್ಮ ಕಥಾನಾಯಕನ ಮೊದಲನೆಯ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು. ಉಳಿದ ಎಲ್ಲ ಕಡೆ ಅವನು ಸರಾಸರಿ.

ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುವುದು ಅವನ ಉದ್ಯೋಗ. ಆ ಇಲಾಖೆಯಲ್ಲಿ ಒಂದು ನಿಯಮವಿದೆ. ಮನೆಗೆ ಬೀಗ ಹಾಕಿದ್ದರೆ ಪುಸ್ತಕದಲ್ಲಿ 'ಬಾಗಿಲು ಬೀಗ' ಎಂದು ಬರೆದು, ಹಿಂದಿನ ತಿಂಗಳುಗಳ ಸರಾಸರಿ ಅಂಕಿ ಹಾಕಿ ಮುಂದೆ ಹೋಗಬಹುದು. ಅಪರೂಪಕ್ಕೆಂದು ಮಾಡಿದ ಈ ನಿಯಮವನ್ನು ನಮ್ಮವನು ಬದುಕುವ ದಾರಿಯನ್ನಾಗಿ ಮಾಡಿಕೊಂಡಿದ್ದ. ಗೇಟಿನಲ್ಲಿ ನಾಯಿ ಇದ್ದರೆ ಬಾಗಿಲು ಬೀಗ. ಮೂರನೇ ಮಹಡಿಯಾದರೆ ಬಾಗಿಲು ಬೀಗ. ಬಿಸಿಲು ಜೋರಾಗಿದ್ದರೆ ಇಡೀ ಬೀದಿಗೇ ಬೀಗ. ಒಂದು ಬೇಸಿಗೆಯಲ್ಲಿ ಅವನ ಪುಸ್ತಕ ನೋಡಿದ ಮೇಲಧಿಕಾರಿ, ಆ ಬಡಾವಣೆಯ ಜನ ಯಾವುದೋ ರೋಗಕ್ಕೆ ಹೆದರಿ ಊರು ಬಿಟ್ಟಿದ್ದಾರೆಂದು ತಿಳಿದು ಗಾಬರಿಯಾಗಿದ್ದರಂತೆ.

ಹೆಗಲಿಗೆ ಇಲಾಖೆಯ ಚೀಲ ಇದ್ದುದರಿಂದ ಅವನಿಗೆ ಕರೆಂಟಿನ ವಿದ್ಯೆಯೆಲ್ಲ ಗೊತ್ತು ಎಂದು ಜನ ನಂಬಿದ್ದರು. ಇಪ್ಪತ್ತೆಂಟು ವರ್ಷ ಜನ ನಂಬಿದ್ದನ್ನು ತಾನೊಬ್ಬ ನಂಬದೆ ಇರುವುದು ಸರಿಯಲ್ಲವೆಂದು ಅವನೂ ನಂಬಿದ್ದ. ನಿಜ ಹೇಳಬೇಕೆಂದರೆ ಅವನ ಬಾಡಿಗೆ ಕೋಣೆಯ ಬಲ್ಬು ಸುಟ್ಟುಹೋದರೆ ಅಕ್ಕ ಬಂದು ಸ್ಟೂಲು ಹತ್ತಿ ಬೇರೆ ಹಾಕಿ ಹೋಗುತ್ತಿದ್ದಳು. ಅವನು ಕೆಳಗೆ ನಿಂತು ಜೋಪಾನ ಜೋಪಾನ ಎನ್ನುತ್ತಿದ್ದ.

ಆ ಅಕ್ಕನ ಗಂಡ, ಅಂದರೆ ಭಾವ, ಈಗ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಬಾಗಿಲಿನಿಂದ ಮೂರನೇ ಮಂಚದಲ್ಲಿ ಮಲಗಿದ್ದರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಗೀರೂ ಬೀಳಿಸದ ಡ್ರೈವರು. ಗಾಡಿಯ ಇಂಜಿನ್ನು ಚೆನ್ನಾಗಿ ನೋಡಿಕೊಂಡವರಿಗೆ ಸ್ವಂತ ಇಂಜಿನ್ನು ಕೈಕೊಟ್ಟಿತ್ತು. ಗುರುವಾರ ಬೆಳಿಗ್ಗೆ ಎಂಟಕ್ಕೆ ಹೃದಯದ ಆಪರೇಷನ್. ಉಳಿಯುವ ಸಾಧ್ಯತೆ ಎಷ್ಟು ಎಂದು ಕೇಳಿದ್ದಕ್ಕೆ ಡಾಕ್ಟರು, "ಅರ್ಧಕ್ಕರ್ಧ ಅಂದ್ಕೊಳ್ಳಿ," ಎಂದಿದ್ದರು. ಸರಾಸರಿಯ ಲೆಕ್ಕ ನಮ್ಮವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವನ ಕೈಕಾಲು ತಣ್ಣಗಾಯಿತು.

ತಣ್ಣಗಾಗಲು ಕಾರಣವಿತ್ತು. ಹನ್ನೊಂದನೇ ವರ್ಷಕ್ಕೆ ಅಪ್ಪ ಅಮ್ಮನನ್ನು ಕಳೆದುಕೊಂಡವನನ್ನು ಅಕ್ಕ ಮದುವೆಯಾದ ಮನೆಗೆ ಕೈಹಿಡಿದು ಕರೆತಂದಾಗ, ಭಾವ ಒಂದು ಮಾತೂ ಆಡದೆ ತಟ್ಟೆ ಹಾಕಿದ್ದರು. ಸೈಕಲ್ ಕಲಿಸಿದವರು ಅವರು. ಪರೀಕ್ಷೆಯಲ್ಲಿ ಫೇಲಾದಾಗ ಬೈಯದೆ ಇದ್ದವರು ಅವರು. ಈ ಕೆಲಸ ಕೊಡಿಸಲು ಇಲಾಖೆಯ ಮೆಟ್ಟಿಲು ಸವೆಸಿದವರೂ ಅವರೇ. ಇಷ್ಟಕ್ಕೆ ಪ್ರತಿಯಾಗಿ ತಾನು ಮಾಡಿದ್ದೇನು ಎಂದು ಯೋಚಿಸಿದಾಗೆಲ್ಲ ಅವನಿಗೆ ಏನೂ ಹೊಳೆಯುತ್ತಿರಲಿಲ್ಲ. ಆ ನಾಚಿಕೆಗೆ ಅವನು ಅಕ್ಕನ ಮನೆಯ ಕಡೆ ತಲೆ ಹಾಕುವುದನ್ನೇ ಕಡಿಮೆ ಮಾಡಿದ್ದ. ಆ ಮನೆಯ ಮೀಟರನ್ನು ಕೂಡ ಹದಿನೈದು ವರ್ಷದಿಂದ 'ಬಾಗಿಲು ಬೀಗ' ಎಂದೇ ಬರೆಯುತ್ತಿದ್ದ. ಭಾವನಿಗೆ ಇದು ಗೊತ್ತಿತ್ತು.

"ಬಾಗಿಲು ಬೀಗ ಅಂತ ಬರೀತೀಯಲ್ಲೋ," ಎಂದು ಒಮ್ಮೆ ಕೇಳಿದ್ದರು, "ನಿಮ್ಮಕ್ಕ ಆ ಬಾಗಿಲಲ್ಲೇ ಕೂತು ತಲೆ ಬಾಚ್ಕೊಳ್ತಿರ್ತಾಳೆ. ಅವಳೇ ಬೀಗಾನಾ?"

ಸೋಮವಾರ ಸಂಜೆ ಭಾವ ಅವನನ್ನು ಹತ್ತಿರ ಕರೆದರು.

"ಲೋ, ನಂಗೊಂದು ಆಸೆ ಉಳಿದಿದೆ ಕಣೋ."

"ಹಾಗೆಲ್ಲ ಮಾತಾಡ್ಬೇಡಿ ಭಾವ."

"ಆಸೆ ಇದೆ ಅಂದ್ರೆ ಸಾಯ್ತಾರೇನೋ? ಕೇಳು. ಆ ಘಟ್ಟದ ರಸ್ತೆ ಒಂದ್ಸಲ ಕೊನೇವರೆಗೂ ಓಡಿಸ್ಬೇಕು."

ಓದುಗರು ಇಲ್ಲಿ ನಿಜವಾದ ಘಟ್ಟವನ್ನು ಊಹಿಸಿಕೊಳ್ಳಬಾರದು. ಭಾವ ನಿವೃತ್ತರಾದ ದಿನ ಡಿಪೋದ ಹುಡುಗರು ಸೇರಿ, ಎಲ್ಲರಿಗೂ ಕೊಡುವ ಗೋಡೆ ಗಡಿಯಾರದ ಬದಲು, ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮಿನ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ಅದರಲ್ಲಿ ಗಾಡಿ ಓಡಿಸುವ ಆಟವಿತ್ತು. ಎಲ್ಲರೂ ನುಗ್ಗಿ, ಗುದ್ದಿ, ಹಾರಿ ಗೆಲ್ಲುವ ಆಟವನ್ನು ಭಾವ ನಿಯಮದ ಪ್ರಕಾರ ಆಡುತ್ತಿದ್ದರು. ಹಿಂದಿನವನಿಗೆ ದಾರಿ ಬಿಡುತ್ತಿದ್ದರು. ತಿರುವಿನಲ್ಲಿ ನಿಧಾನ ಮಾಡುತ್ತಿದ್ದರು. ಆರು ಗಾಡಿಗಳ ಪಂದ್ಯದಲ್ಲಿ ಮೂರು ವರ್ಷದಿಂದ ತಪ್ಪದೆ ಆರನೆಯವರಾಗಿ ಬಂದಿದ್ದರು, ಗಾಡಿಗೆ ಒಂದು ಗೀರಿಲ್ಲದೆ. ಅದಕ್ಕೆ ಅವರಿಗೆ ಬೇಸರವೂ ಇರಲಿಲ್ಲ. ಆದರೆ ಕೊನೆಯಲ್ಲಿ ಒಂದು ಘಟ್ಟದ ರಸ್ತೆ ಬರುತ್ತಿತ್ತು. ಹದಿನಾಲ್ಕು ತಿರುವು.

"ಅಲ್ಲಿ ನಾನು, ಗಡಿಯಾರ, ಇಬ್ರೇ," ಎಂದರು ಭಾವ. "ಒಂಬತ್ತನೇ ತಿರುವಿಗೆ ಟೈಮು ಮುಗಿದೋಗುತ್ತೆ. ಗೋಳೋ ಅಂತ ಒಂದು ರಾಗ ಬರುತ್ತೆ. ಕೊನೆ ಮುಟ್ಟಿದ್ರೆ ಬೇರೆ ರಾಗ ಬರುತ್ತಂತೆ. ಅದು ಹೆಂಗಿದೆ ಅಂತ ನಾನು ಕೇಳೇ ಇಲ್ಲ."

ಸರಾಸರಿ ಹೂಂ ಹೂಂ ಎನ್ನುತ್ತಿದ್ದ. ಅವನ ಗಮನವೆಲ್ಲ ಭಾವನ ಮಣಿಕಟ್ಟಿನ ಮೇಲಿತ್ತು. ಸ್ಟೀರಿಂಗ್ ಹಿಡಿದ ಆ ಕೈ ಈಗ ತೀರ ತೆಳ್ಳಗಾಗಿತ್ತು.

"ನಾಳೇನೇ ತಂದು ಇಲ್ಲಿ ಹಾಕ್ಕೊಡ್ತೀನಿ," ಎಂದ.

"ಏನು ಹಾಕ್ಕೊಡ್ತೀರಿ?" ಎಂದು ಹಿಂದಿನಿಂದ ಕೇಳಿದವರು ವಾರ್ಡಿನ ಹಿರಿಯ ಸಿಸ್ಟರ್. ವಿಷಯ ಕೇಳಿ ಗೋಡೆಯತ್ತ ಬೆರಳು ತೋರಿಸಿದರು. "ಆ ಪ್ಲಗ್ಗುಗಳಿರೋದು ರೋಗಿಗಳ ಮೆಷಿನ್‌ಗೆ. ಅಲ್ಲಿ ಫೋನು ಚಾರ್ಜಿಗೆ ಹಾಕಿದವರನ್ನೇ ನಾನು ಬಿಟ್ಟಿಲ್ಲ. ಇನ್ನು ಆಟದ ಸಾಮಾನು!"

"ಬ್ಯಾಟರಿ ಹಾಕಿ ತಂದ್ರೆ?"

"ಗೋಡೆಗೆ ತಂತಿ ಮುಟ್ಬಾರ್ದು. ಆರು ಗಂಟೆ ಮೇಲೆ ಸದ್ದು ಬರ್ಬಾರ್ದು. ಅಷ್ಟೇ ನಾನು ಹೇಳೋದು."

"ಅದೇನು ಮಹಾ ಸಿಸ್ಟರ್! ಇಪ್ಪತ್ತೆಂಟು ವರ್ಷ ಕರೆಂಟಿನ ಜೊತೇಲೇ ಬಾಳಿದೀನಿ. ಒಂದು ಗಂಟೆ ಕೆಲಸ," ಎಂದು ನಮ್ಮವನು ಇಡೀ ವಾರ್ಡಿಗೆ ಕೇಳಿಸುವಂತೆ ಹೇಳಿದ. ಹನ್ನೆರಡು ಮಂಚಗಳ ಮೇಲಿನ ಹನ್ನೆರಡು ತಲೆಗಳು ಗೌರವದಿಂದ ಅವನತ್ತ ತಿರುಗಿದವು. ಅಲ್ಲಿಗೆ ಅವನ ಗ್ರಹಚಾರ ಶುರುವಾಯಿತು.

ಮಾರನೇ ದಿನ ಬೆಳಿಗ್ಗೆ ಅವನು ಟಿ.ವಿ. ರಿಪೇರಿಯವನ ಅಂಗಡಿಗೆ ಹೋದ. ರಿಪೇರಿಯವನು ವಿಷಯ ಕೇಳಿ ತಲೆಯಾಡಿಸಿದ.

"ಆಗುತ್ತೆ ಸಾರ್. ಪೆಟ್ಟಿಗೆ ಒಳಗೆ ಒಂದು ಪವರ್ ಬೋರ್ಡ್ ಇರುತ್ತೆ. ಗೋಡೆ ಕರೆಂಟನ್ನ ಸಣ್ಣ ಸಣ್ಣ ಕರೆಂಟು ಮಾಡಿ ತಂತಿಗಳಲ್ಲಿ ಕಳಿಸುತ್ತೆ. ಒಂದೊಂದು ತಂತೀಲಿ ಒಂದೊಂದು ವೋಲ್ಟು. ಆ ಬೋರ್ಡ್ ತೆಗೆದುಬಿಟ್ಟು, ಬ್ಯಾಟರಿಯಿಂದ ಅದೇ ವೋಲ್ಟು ಅದೇ ತಂತಿಗೆ ನಾನು ಕೊಡ್ತೀನಿ. ಕಾರಿನ ಸಣ್ಣ ಸ್ಕ್ರೀನು ನನ್ನ ಹತ್ರಾನೇ ಇದೆ. ಆದ್ರೆ ಯಾವ ತಂತಿ ಎಷ್ಟು ಅನ್ನೋದು ಮೊದಲು ಗೊತ್ತಾಗ್ಬೇಕು. ಪೆಟ್ಟಿಗೆ ತನ್ನಿ, ನಾನೇ ನೋಡ್ತೀನಿ."

ಇಲ್ಲಿಗೆ ಹೂಂ ಎಂದಿದ್ದರೆ ಈ ಕಥೆ ಬರೆಯುವ ಪ್ರಮೇಯ ಇರುತ್ತಿರಲಿಲ್ಲ.

"ಅಳತೆ ನಾನೇ ತಂದ್ಕೊಡ್ತೀನಿ," ಎಂದ ಸರಾಸರಿ.

ರಿಪೇರಿಯವನು ಕೈಯಗಲದ ಮೀಟರೊಂದನ್ನು ಕೊಟ್ಟು, ಅನುಮಾನದಿಂದ ಕೇಳಿದ, "ಮೀಟರ್ ಓದೋಕೆ ಬರುತ್ತಾ ನಿಮಗೆ?"

ಈ ಮಾತಿಗೆ ನಮ್ಮವನ ಮುಖ ಕೆಂಪಾಯಿತು. ಅವನು ಮೀಟರನ್ನು ಇಲಾಖೆಯ ಚೀಲಕ್ಕೆ ಹಾಕಿಕೊಂಡ.

"ಕೋಪ ಮಾಡ್ಕೋಬೇಡಿ ಸಾರ್. ಪೆಟ್ಟಿಗೆ ಓಡ್ತಿರುವಾಗ ಕಪ್ಪು ಕಡ್ಡಿ ತಗಡಿಗೆ ಹಿಡೀರಿ, ಕೆಂಪು ಕಡ್ಡಿ ಒಂದೊಂದೇ ತಂತಿ ಬುಡಕ್ಕೆ ಮುಟ್ಟಿಸಿ, ಬಂದ ಅಂಕಿ ಬರ್ಕೊಳ್ಳಿ. ಗೋಡೆ ಕಡೆ ಭಾಗ ಮಾತ್ರ ಮುಟ್ಬೇಡಿ, ಜೋಕೆ. ಎಲ್ಲಾ ತಂತೀನೂ ನೋಡಿ. ಒಂದೂ ಬಿಡ್ಬೇಡಿ."

ಅಕ್ಕನ ಮನೆಯ ಊಟದ ಮೇಜಿನ ಮೇಲೆ ಪೆಟ್ಟಿಗೆಯನ್ನು ಬಿಚ್ಚಲಾಯಿತು. ಎಷ್ಟೋ ವರ್ಷದ ಮೇಲೆ ಆ ಮನೆಯೊಳಗೆ ಕಾಲಿಟ್ಟ ತಮ್ಮನಿಗೆ ಅಕ್ಕ ಮೇಜು ಒರೆಸಿಕೊಟ್ಟಳು. ಸರಾಸರಿ ರಬ್ಬರು ಚಪ್ಪಲಿ ಹಾಕಿಕೊಂಡು, ಮಣೆಯ ಮೇಲೆ ನಿಂತು, ಪಾತ್ರೆ ತೊಳೆಯುವ ಕೈಗವಸು ತೊಟ್ಟುಕೊಂಡ. ಸ್ವಿಚ್ಚಿನ ಹತ್ತಿರ ಅಕ್ಕನನ್ನು ನಿಲ್ಲಿಸಿದ. ನೋಡಲು ಎದುರುಮನೆಯಾಕೆ ಬಂದಳು. ಬೀದಿಯಲ್ಲಿ ಏನು ನಡೆದರೂ ಅದು ನಡೆದು ಮುಗಿಯುವ ಮೊದಲೇ ನಾಲ್ಕು ಮನೆಗೆ ತಲುಪಿಸುವ ಪುಣ್ಯಾತ್ಗಿತ್ತಿ ಆಕೆ.

"ಜೀವಕ್ಕೇನೂ ಅಪಾಯ ಇಲ್ವಾ?" ಎಂದು ಕೇಳಿದಳು.

"ನಾನು ಕಿರುಚಿದ್ರೆ ಅಕ್ಕ ಆಫ್ ಮಾಡ್ಲಿ. ನಾನು ಕಿರುಚದೇ ಇದ್ರೂ ಆಫ್ ಮಾಡ್ಲಿ," ಎಂದ ಸರಾಸರಿ ಗಂಭೀರವಾಗಿ.

ತಂತಿಗಳು ಒಟ್ಟು ಐದು. ಹಳದಿ ತಂತಿ ಮುಟ್ಟಿಸಿದಾಗ ಹನ್ನೊಂದು ಪಾಯಿಂಟ್ ಒಂಬತ್ತು ಬಂತು. ಬರೆದುಕೊಂಡ. ಕೆಂಪಿಗೆ ಐದು. ಬರೆದುಕೊಂಡ. ಎರಡು ಕಪ್ಪು ತಂತಿಗೆ ಸೊನ್ನೆ, ಸೊನ್ನೆ. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಶ್ರದ್ಧೆಯಿಂದ ಅವನು ಮೀಟರ್ ಓದಿದ್ದೇ ಇಲ್ಲ. ಅಕ್ಕನ ಕಣ್ಣಲ್ಲಿ ಹೆಮ್ಮೆ ಕಂಡಿತು.

ಐದನೇ ತಂತಿ, ಕಂದು ಬಣ್ಣದ್ದು, ಒಂದು ತಗಡಿನ ಮುಚ್ಚಳದ ಕೆಳಗೆ ನುಸುಳಿಹೋಗಿತ್ತು. ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಅವುಗಳ ತಲೆ ಮೂರು ಮೂಲೆಯದು. ಅವನ ಹತ್ತಿರ ಇದ್ದ ಸ್ಕ್ರೂಡ್ರೈವರ್ ಅದಕ್ಕೆ ಕೂರಲಿಲ್ಲ.

"ಅದಕ್ಕೆ ಬೇರೆ ಸ್ಕ್ರೂಡ್ರೈವರ್ ಇಸ್ಕೊಂಡು ಬಾರೋ," ಎಂದಳು ಅಕ್ಕ.

ಅಂಗಡಿ ಎರಡು ಬೀದಿ ಆಚೆ. ಬಿಸಿಲು ಜೋರಾಗಿತ್ತು. ಸರಾಸರಿ ಮುಚ್ಚಿದ ಆ ತಗಡನ್ನು ನೋಡುತ್ತ ನಿಂತ. ಹಾಗೆ ನಿಂತಿದ್ದಾಗ ಅವನ ಬಲಗೈ, ಯಾರನ್ನೂ ಕೇಳದೆ, ಕಂದು ತಂತಿಯ ಮುಂದೆ 'ಬಾಗಿಲು ಬೀಗ' ಎಂದು ಬರೆದುಬಿಟ್ಟಿತ್ತು. ಬರೆದ ಮೇಲೆ ಉಳಿದದ್ದು ಲೆಕ್ಕ ಮಾತ್ರ. ಹನ್ನೊಂದು ಪಾಯಿಂಟ್ ಒಂಬತ್ತು, ಐದು, ಸೊನ್ನೆ, ಸೊನ್ನೆ. ಒಟ್ಟು ಹದಿನಾರು ಪಾಯಿಂಟ್ ಒಂಬತ್ತು. ನಾಲ್ಕರಿಂದ ಭಾಗಿಸಿದರೆ ನಾಲ್ಕು ಪಾಯಿಂಟ್ ಎರಡು. ಇಲಾಖೆಯ ಯಾವ ತನಿಖಾಧಿಕಾರಿಯೂ ತಪ್ಪು ಹುಡುಕಲಾಗದ ಅಂಕಿ. ಶುದ್ಧ ಪ್ರತಿ ಬರೆಯುವಾಗ 'ಬಾಗಿಲು ಬೀಗ' ಎಂಬ ಎರಡು ಶಬ್ದ ಬಿಟ್ಟ, ಅಂಕಿ ಉಳಿಸಿಕೊಂಡ.

ಬುಧವಾರ ಮಧ್ಯಾಹ್ನ ರಿಪೇರಿಯವನು ಆ ಚೀಟಿ ನೋಡಿ ಹುಬ್ಬು ಗಂಟಿಕ್ಕಿದ.

"ನಾಲ್ಕು ಪಾಯಿಂಟ್ ಎರಡಾ? ಇಂಥ ವೋಲ್ಟು ನಾನು ಎಲ್ಲೂ ಕಂಡಿಲ್ಲ. ಐದೇ ಇರ್ಬೇಕು, ಎಲ್ಲೋ ಇಳಿದು ತೋರಿಸಿದೆ. ನೀವೇ ಕಣ್ಣಾರೆ ನೋಡಿದ್ದು ತಾನೆ?"

"ನಾನೇ," ಎಂದ ಸರಾಸರಿ.

"ಹಾಗಾದ್ರೆ ಸರಿ," ಎಂದು ರಿಪೇರಿಯವನು ಕಂದು ತಂತಿಗೆ ಐದು ವೋಲ್ಟು ಕೊಟ್ಟು ಸ್ವಿಚ್ಚು ಒತ್ತಿದ.

ಚಿಟ್ ಎಂದು ಸಣ್ಣದೊಂದು ಸದ್ದಾಯಿತು. ಸುಟ್ಟ ವಾಸನೆ ಬಂತು. ಸ್ಪೀಕರಿನಿಂದ ಆಟದ ಸಂಗೀತ ಗಟ್ಟಿಯಾಗಿ ಕೇಳಿಸಿತು. ಸ್ಕ್ರೀನು ಮಾತ್ರ ಕಪ್ಪಗೆ ಹಾಗೇ ಇತ್ತು. ರಿಪೇರಿಯವನು ಸರಕ್ಕನೆ ಆಫ್ ಮಾಡಿ, ಮೂರು ಮೂಲೆಯ ಸ್ಕ್ರೂಡ್ರೈವರ್ ತೆಗೆದು ತಗಡಿನ ಮುಚ್ಚಳ ಬಿಚ್ಚಿದ. ಕಂದು ತಂತಿಯ ಬುಡದಲ್ಲಿ ಬಿಳಿ ಅಕ್ಷರದಲ್ಲಿ ಅಚ್ಚು ಹಾಕಿತ್ತು: ಮೂರು ಪಾಯಿಂಟ್ ಮೂರು.

"ಬರೆದೇ ಇತ್ತಲ್ಲ ಸಾರ್! ನೋಡಿದ್ದೆ ಅಂದ್ರಿ?"

ಸರಾಸರಿ ನೆಲ ನೋಡಿದ.

"ಚಿತ್ರ ತೋರಿಸೋ ಚಿಪ್ ಸುಟ್ಟೋಯ್ತು. ಇದಕ್ಕೆ ಬೇರೆ ಸಿಗಲ್ಲ, ಈ ಮಾಡೆಲ್ಲೇ ನಿಂತೋಗಿದೆ. ಕಂದು ತಂತಿ ಸರಿ ಮಾಡ್ಕೊಡ್ತೀನಿ, ಸದ್ದು ಬರುತ್ತೆ. ಬ್ಯಾಟರಿ ಒಂದು ಗಂಟೆ ಓಡುತ್ತೆ. ಚಿತ್ರ ಮಾತ್ರ ಇನ್ನು ಇಲ್ಲ."

ನಾಲ್ಕೂಮುಕ್ಕಾಲಿಗೆ ಸರಾಸರಿ ವಾರ್ಡಿನ ಬಾಗಿಲಲ್ಲಿದ್ದ. ಬೆನ್ನಿಗೆ ಬ್ಯಾಟರಿ, ಕಂಕುಳಲ್ಲಿ ಪೆಟ್ಟಿಗೆ, ಕೈಯಲ್ಲಿ ಕಪ್ಪು ಸ್ಕ್ರೀನು. ಬರಿಗೈಯಲ್ಲಿ ಹೋಗಿ ನಿಜ ಹೇಳುವ ಧೈರ್ಯವಿಲ್ಲದೆ ಸಾಮಾನೆಲ್ಲ ಹೊತ್ತು ತಂದಿದ್ದ. ಹಿರಿಯ ಸಿಸ್ಟರ್ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಗೋಡೆಗೆ ಹೋಗುವ ತಂತಿ ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಆರು ಗಂಟೆ," ಎಂದು ನೆನಪಿಸಿ ಹೋದರು.

ಮಂಚದ ಪಕ್ಕ ಪೆಟ್ಟಿಗೆ, ಸ್ಕ್ರೀನು, ತಂತಿಗಳು ಕೂತವು. ಪಕ್ಕದ ಮಂಚದ ಮುದುಕನ ಮಗಳು ಎದ್ದು ನಿಂತು ನೋಡಿದಳು.

"ಹೊಸಾ ಮೆಷಿನ್ನಾ? ನಮ್ಮಪ್ಪಂಗೂ ಹಾಕ್ಸೋಕೆ ಯಾರನ್ನ ಕೇಳ್ಬೇಕು?"

ಸರಾಸರಿ ಭಾವನ ಕೈಗೆ ಆಟದ ಹಿಡಿಕೆ ಕೊಟ್ಟ. ಭಾವ ಗುಂಡಿ ಒತ್ತಿದರು. ಇಂಜಿನ್ನು ಗುರ್ರೆಂದಿತು. ಭಾವನ ಮುಖ ಅರಳಿತು. ಆಮೇಲೆ ಅವರು ಕಪ್ಪು ಸ್ಕ್ರೀನನ್ನು ನೋಡಿದರು, ಭಾಮೈದುನನನ್ನು ನೋಡಿದರು.

"ಚಿತ್ರ ಎಲ್ಲೋ?"

"ಭಾವ, ಚಿತ್ರ ಬರಲ್ಲ," ಎಂದ ಸರಾಸರಿ. ಅವನ ಧ್ವನಿ ಒಡೆಯಿತು. "ಐದು ತಂತಿ ಇತ್ತು. ನಾಲ್ಕು ನೋಡ್ದೆ. ಒಂದು ಕಾಣಿಸ್ಲಿಲ್ಲ. ಅದಕ್ಕೆ... ಅದಕ್ಕೆ ಸರಾಸರಿ ಬರೆದೆ."

ಭಾವನ ಹೊಟ್ಟೆ ಕುಲುಕತೊಡಗಿತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು.

"ಬಾಗಿಲು ಬೀಗಾನಾ?"

"ಹೂಂ ಭಾವ."

"ಅಳ್ಬೇಡ, ಥೂ. ಮೂಗು ಒರೆಸ್ಕೋ. ಆ ರಸ್ತೆ ನಂಗೆ ಬಾಯಿಪಾಠ. ಕಣ್ಣು ಮುಚ್ಕೊಂಡೇ ಓಡಿಸ್ತೀನಿ." ಅವರು ದಿಂಬಿಗೆ ಒರಗಿ ಕಣ್ಣು ಮುಚ್ಚಿಯೇ ಬಿಟ್ಟರು.

ಮೊದಲ ಸಲ ಎರಡನೇ ತಿರುವಿನಲ್ಲೇ ಬಂಡೆಗೆ ಉಜ್ಜಿದ ಸದ್ದಾಯಿತು. ಭಾವನ ಮುಖ ಹಿಂಡಿತು. ಮೂವತ್ತೆರಡು ವರ್ಷದಲ್ಲಿ ಬಿದ್ದ ಮೊದಲ ಗೀರು. ಗೋಳೋ ರಾಗ ಬಂತು. ಮತ್ತೆ ಶುರು ಮಾಡಿದರು. ಎಡಕ್ಕೆ ಹೆಚ್ಚಾದರೆ ಜಲ್ಲಿಕಲ್ಲಿನ ಸದ್ದು, ಬಲಕ್ಕೆ ಹೆಚ್ಚಾದರೆ ಬಂಡೆಯ ಸದ್ದು, ಎರಡೂ ಇಲ್ಲವೆಂದರೆ ರಸ್ತೆ. ಐದನೇ ತಿರುವು, ಗೋಳೋ ರಾಗ. ಏಳನೇ ತಿರುವು, ಗೋಳೋ ರಾಗ. ಪಕ್ಕದಲ್ಲಿ ಸರಾಸರಿ ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದ.

ಸರಿಯಾಗಿ ಇದೇ ಗಳಿಗೆಯಲ್ಲಿ ಎದುರುಮನೆಯಾಕೆ ರೋಗಿಯನ್ನು ನೋಡಲು ಬಂದಳು. ಬಾಗಿಲಿನಿಂದ ಅವಳಿಗೆ ಕಂಡದ್ದು ಇಷ್ಟು: ತಂತಿಗಳ ನಡುವೆ ಕಣ್ಣು ಮುಚ್ಚಿದ ಮನುಷ್ಯ, ಕಪ್ಪಾಗಿ ನಿಂತುಹೋದ ಮೆಷಿನ್ನು, ತಲೆ ತಗ್ಗಿಸಿ ಕಣ್ಣೀರಿಡುತ್ತಿರುವ ಭಾಮೈದುನ, ಮತ್ತು ಗೋಳೋ ಎನ್ನುವ ರಾಗ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ನ್ಯಾಯಾಲಯ ಕೇಳೀತು? ಅವಳು ಒಳಗೆ ಬರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಹಾಗೇ ಹಿಂದಿರುಗಿದಳು. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಆರು ಫೋನು ಮಾಡಿದ್ದಳು.

ಅರ್ಧ ಗಂಟೆಯಲ್ಲಿ ವಾರ್ಡಿನ ಹೊರಗೆ ಚಪ್ಪಲಿಗಳ ರಾಶಿ ಬಿತ್ತು. ಮೊದಲು ಭಾವನ ಚಿಕ್ಕಮ್ಮ ಎದೆ ಬಡಿದುಕೊಳ್ಳುತ್ತ ಬಂದಳು. ಅವಳ ಹಿಂದೆ ಡಿಪೋದ ಮ್ಯಾನೇಜರು ಹೂವಿನ ಹಾರ, ಒಂದು ಕಾಗದ ಹಿಡಿದು ಬಂದರು. ಆಪರೇಷನ್ನಿನ ಸುದ್ದಿ ಕೇಳಿದ ದಿನವೇ ಅವರು ಈ ಕಾಗದವನ್ನು ಮುಂಜಾಗ್ರತೆಯಾಗಿ ಟೈಪು ಮಾಡಿಸಿ, ದಿನಾಂಕ ಮಾತ್ರ ಖಾಲಿ ಬಿಟ್ಟಿದ್ದರು. ಅವರ ಹಿಂದೆ ಹೆಣದ ಗಾಡಿಯ ಡ್ರೈವರು ಟೋಪಿ ಕೈಯಲ್ಲಿ ಹಿಡಿದು ಬಂದ. ಕೊನೆಗೆ ಅಕ್ಕ. ಅವಳ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

"ಮೂವತ್ತೆರಡು ವರ್ಷ ಒಂದೂ ಅಪಘಾತವಿಲ್ಲದೆ ಸೇವೆ ಸಲ್ಲಿಸಿ, ಇಂದು ನಮ್ಮನ್ನೆಲ್ಲ ಅಗಲಿ..." ಎಂದು ಮ್ಯಾನೇಜರು ಗಟ್ಟಿಯಾಗಿ ಓದತೊಡಗಿದರು.

"ಅದನ್ನ ಆಮೇಲೆ ಓದಿ," ಎಂದರು ಭಾವ ಕಣ್ಣು ತೆರೆಯದೆ. "ಈಗ ತಿರುವಿದೆ."

ಚಿಕ್ಕಮ್ಮ ಎದೆ ಬಡಿಯಲು ಎತ್ತಿದ್ದ ಕೈ ಎತ್ತಿದ ಹಾಗೇ ಉಳಿಯಿತು. ಹಾರ ನೆಲಕ್ಕೆ ಬಿತ್ತು.

"ಯಾರದು ಬಾಗಿಲಲ್ಲಿ ನಿಂತಿರೋದು? ಒಳಗೆ ಬಂದು ಸೀಟಲ್ಲಿ ಕೂತ್ಕೊಳ್ಳಿ. ಘಟ್ಟ ಇಳಿಯೋವಾಗ ನಿಂತ್ಕೋಬಾರ್ದು."

ಆ ದನಿಗೆ ಮೂವತ್ತೆರಡು ವರ್ಷದ ಅಧಿಕಾರವಿತ್ತು. ಚಿಕ್ಕಮ್ಮ ಪಕ್ಕದ ಮುದುಕನ ಕಾಲಬುಡದಲ್ಲಿ ಕೂತಳು. ಮ್ಯಾನೇಜರು ಔಷಧಿ ಡಬ್ಬದ ಮೇಲೆ ಕೂತರು. ಹೆಣದ ಗಾಡಿಯವನು, ತಾನೂ ಡ್ರೈವರೇ ಆದ್ದರಿಂದ, ಭಾವನ ಭುಜದ ಹಿಂದೆ ಬಂದು ನಿಂತ. ಬಯ್ಯಲು ಬಂದ ಹಿರಿಯ ಸಿಸ್ಟರ್ ಗಡಿಯಾರ ನೋಡಿದರು. ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಅವರೂ ಮಂಚದ ಕಂಬಿ ಹಿಡಿದು ನಿಂತರು.

"ಹುಷಾರು ಅಣ್ಣ, ವೇಗ ಜಾಸ್ತಿಯಾಯ್ತು," ಎಂದ ಹೆಣದ ಗಾಡಿಯವನು ಇಂಜಿನ್ನಿನ ಸದ್ದು ಕೇಳಿ.

"ಆಗ್ಲಿ. ಕಣ್ಣಿಗೆ ಪ್ರಪಾತ ಕಾಣ್ತಿದ್ರೆ ಬೆರಳು ತಾನಾಗಿ ಬ್ರೇಕಿಗೆ ಹೋಗ್ತಿತ್ತು. ಈಗ ಕಾಣಲ್ವಲ್ಲ, ಹೆದರಿಕೆ ಎಲ್ಲಿಂದ ಬರ್ಬೇಕು?"

ಒಂಬತ್ತನೇ ತಿರುವು ದಾಟಿತು. ಗೋಳೋ ರಾಗ ಬರಲಿಲ್ಲ. ಹತ್ತು. ಭಾವ ತುಟಿಯಲ್ಲೇ ಎಣಿಸುತ್ತಿದ್ದರು. ಹನ್ನೊಂದರಲ್ಲಿ ಜಲ್ಲಿಕಲ್ಲು ಕರಕರ ಎಂದಿತು, ಇಡೀ ವಾರ್ಡು ಬಲಕ್ಕೆ ವಾಲಿತು. ಹನ್ನೆರಡು. ಅಕ್ಕ ತಮ್ಮನ ತೋಳು ಹಿಡಿದುಕೊಂಡಿದ್ದಳು, ಅವಳ ಉಗುರು ಚುಚ್ಚುತ್ತಿತ್ತು. ಹದಿಮೂರು. "ಇನ್ನೊಂದೇ," ಎಂದರು ಭಾವ. ಅವರ ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಹದಿನಾಲ್ಕನೇ ತಿರುವಿಗೆ ಚಕ್ರಗಳು ಕಿರ್ರೆಂದವು. ಇಂಜಿನ್ನು ಮತ್ತೆ ದನಿ ಏರಿಸಿತು. ಎಲ್ಲರೂ ಉಸಿರು ಹಿಡಿದು ರಾಗಕ್ಕೆ ಕಾದರು.

ಟಕ್ ಎಂದು ಎಲ್ಲ ಸದ್ದೂ ನಿಂತುಹೋಯಿತು.

ಬ್ಯಾಟರಿ ಮುಗಿದಿತ್ತು. ಒಂದು ಗಂಟೆ ಎಂದು ರಿಪೇರಿಯವನು ಹೇಳಿದ್ದು ಸರಾಸರಿಗೆ ಆಗ ನೆನಪಾಯಿತು. ಭಾವ ನಿಧಾನಕ್ಕೆ ಕಣ್ಣು ತೆರೆದು ಅವನನ್ನು ನೋಡಿದರು.

"ಏನಾಯ್ತೋ?"

ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಸರಾಸರಿ ಬೆವರಿದ. ಭಾವ ಯಾವಾಗಲೂ ಆರನೆಯವರು, ಅದು ಅವನಿಗೆ ಗೊತ್ತು. ಆರನೆಯವರು ಎಂದರೆ ಅವರಿಗೆ ನೋವಾಗುತ್ತದೆ. ಒಂದನೆಯವರು ಎಂದರೆ ನಂಬುವುದಿಲ್ಲ. ಒಂದಕ್ಕೂ ಆರಕ್ಕೂ ನಡುವೆ ಮೂರೂವರೆ.

"ಮುಟ್ಟಿದ್ರಿ ಭಾವ," ಎಂದ. "ಮೂರನೇ ಸ್ಥಾನ."

ಭಾವ ಅವನ ಮುಖವನ್ನೇ ದಿಟ್ಟಿಸಿದರು.

"ಮೂರನೇದಾ?"

"ಮೂರನೇದು."

"ಪರವಾಗಿಲ್ಲ," ಎಂದರು ಭಾವ, ಮಗ್ಗುಲಾಗಿ ಹೊದಿಕೆ ಎಳೆದುಕೊಂಡರು. ಹೊದಿಕೆಯ ಕೆಳಗೆ ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡು ಸರಾಸರಿ ಕಾಲು ಒತ್ತಲು ಕೂತ. ಆರು ಗಂಟೆ ಹೊಡೆಯಿತು, ಸಿಸ್ಟರ್ ಎಲ್ಲರನ್ನೂ ಹೊರಗೆ ಕಳಿಸಿದರು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದ ಭಾವ ಜೀವಂತ ಹೊರಗೆ ಬರಲಿಲ್ಲ.

ಸುದ್ದಿ ಹೇಳಲು ಫೋನು ಮಾಡಿದರೆ ಅರ್ಧ ಜನ ನಂಬಲೇ ಇಲ್ಲ. "ನಿನ್ನೆ ಅಷ್ಟು ದೂರದಿಂದ ಓಡಿಬಂದ್ವಿ, ಇವತ್ತು ಇನ್ನೇನು?" ಎಂದು ಒಬ್ಬರು ಫೋನಿಟ್ಟರು. ಎದುರುಮನೆಯಾಕೆಗೆ ಮಾತ್ರ ಸ್ವಲ್ಪ ಸಮಾಧಾನವಾದಂತೆ ಕಂಡಿತು. "ನಾನು ನಿನ್ನೇನೇ ಹೇಳಿದ್ನಲ್ಲ," ಎಂದಳು. ಹಾರ ನಿನ್ನೆಯದೇ, ಸ್ವಲ್ಪ ಬಾಡಿತ್ತು. ಮ್ಯಾನೇಜರು ಕಾಗದದಲ್ಲಿ ದಿನಾಂಕ ತಿದ್ದಿ ಪೂರ್ತಿ ಓದಿದರು. ಚಿಕ್ಕಮ್ಮನಿಗೆ ಅಳು ಬರಲಿಲ್ಲ. "ಎಲ್ಲಾ ನಿನ್ನೆ ಅತ್ತುಬಿಟ್ಟೆನಲ್ಲ," ಎಂದು ಅದಕ್ಕೇ ಅತ್ತಳು. ಬಂದದ್ದು ಅದೇ ಹೆಣದ ಗಾಡಿ, ಅದೇ ಡ್ರೈವರು. ಅವನು ಗಾಡಿ ತುಂಬ ನಿಧಾನವಾಗಿ ಓಡಿಸಿದ. ಪ್ರತಿ ತಿರುವಿನಲ್ಲೂ ಇನ್ನಷ್ಟು ನಿಧಾನ ಮಾಡಿದ.

ತಿಂಗಳು ಕಳೆದು ಮೀಟರ್ ಓದುವ ದಿನ ಬಂತು. ಸರಾಸರಿ ಅಕ್ಕನ ಮನೆಯ ಮುಂದೆ ನಿಂತ. ಬಾಗಿಲಿಗೆ ಬೀಗ ಹಾಕಿತ್ತು. ಹದಿನೈದು ವರ್ಷ ಸುಳ್ಳಾಗಿ ಬರೆದದ್ದು ಇವತ್ತು ನಿಜವಾಗಿತ್ತು. ಅವನು ಪುಸ್ತಕ ತೆರೆದ, ಪೆನ್ನು ಹಿಡಿದ. ಆಮೇಲೆ ಎರಡನ್ನೂ ಚೀಲಕ್ಕೆ ಹಾಕಿ ಮೆಟ್ಟಿಲ ಮೇಲೆ ಕೂತ. ಬಿಸಿಲು ಜೋರಾಗಿತ್ತು. ನಡುಹಗಲು ಕಳೆಯಿತು. ಎದುರುಮನೆಯಾಕೆ ಮೂರು ಸಲ ಹೊರಗೆ ಬಂದು ನೋಡಿ ಹೋದಳು.

ಅಕ್ಕ ತರಕಾರಿ ಚೀಲ ಹಿಡಿದು ಬಂದಾಗ ನಾಲ್ಕು ಗಂಟೆ.

"ಯಾಕೋ ಹಿಂಗೆ ಬಿಸಿಲಲ್ಲಿ ಕೂತಿದ್ದೀಯ? ಸರಾಸರಿ ಬರ್ಕೊಂಡು ಹೋಗ್ಬಾರ್ದಿತ್ತಾ?"

"ಇಲ್ಲಕ್ಕ. ನೋಡೇ ಬರೀತೀನಿ ಇನ್ಮೇಲೆ."

ಅಕ್ಕ ಬೀಗ ತೆಗೆದಳು. ಅವನು ಸ್ಟೂಲು ಹತ್ತಿ ಮೀಟರಿನ ಗಾಜಿನ ಧೂಳು ಒರೆಸಿದ. ಕೆಳಗೆ ಸ್ಟೂಲು ಹಿಡಿದು ನಿಂತ ಅಕ್ಕ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಅವತ್ತು ನಿಜವಾಗ್ಲೂ ಮುಟ್ಟಿದ್ರೇನೋ?"

ಸರಾಸರಿಯ ಬಾಯಿಗೆ ಒಂದು ಉತ್ತರ ತಾನಾಗಿ ಬಂತು. ಅವನು ಅದನ್ನು ನುಂಗಿದ.

"ಗೊತ್ತಿಲ್ಲಕ್ಕ. ಬ್ಯಾಟರಿ ಹೋಯ್ತು. ಮೂರನೇ ಸ್ಥಾನ ಅಂತ ನಾನೇ ಹೇಳಿದ್ದು."

"ಅದು ಅವರಿಗೆ ಗೊತ್ತಿತ್ತು ಬಿಡು," ಎಂದಳು ಅಕ್ಕ. "ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗ್ತಿರುವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ರು. 'ಆ ರಸ್ತೇಲಿ ನನ್ನ ಗಾಡಿ ಬಿಟ್ರೆ ಇನ್ನೊಂದು ಗಾಡಿನೇ ಇಲ್ಲ ಕಣೇ. ಒಬ್ಬನೇ ಓಡಿದ್ರೂ ನಿನ್ನ ತಮ್ಮ ನನಗೆ ಮೂರನೇ ಸ್ಥಾನ ಕೊಟ್ಟ' ಅಂತ. ರಾತ್ರಿಯೆಲ್ಲ ನೆನೆಸ್ಕೊಂಡು ನಕ್ಕಿದ್ರಂತೆ. ನಗ್ತಾ ನಗ್ತಾನೇ ಒಳಗೆ ಹೋದ್ರು ಕಣೋ. ಆ ಬಾಗಿಲು ಮುಚ್ಚಿದ ಮೇಲೂ ನಂಗೆ ಕೇಳಿಸ್ತಿತ್ತು."

ಸ್ಟೂಲಿನ ಮೇಲೆ ನಿಂತವನಿಗೆ ಮೀಟರಿನ ಅಂಕಿಗಳು ಒಂದೂ ಕಾಣಲಿಲ್ಲ.

"ಎಷ್ಟಿದೆಯೋ?" ಎಂದಳು ಅಕ್ಕ ಕೆಳಗಿನಿಂದ.

"ಇರು, ನೋಡ್ತೀನಿ," ಎಂದ ಅವನು. ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದ, ಆಮೇಲೆ ಬರೆದ.